ಮೇಲಿನ ಕೋಣೆಗೆ ಹೋದ ತಂತಿ

ಜೂನ್ ೧೧

ನಮ್ಮ ಮನೆಯ ಮೆಣಸಿನಕಾಯಿಗೆ,

ನಾನು ಚೆನ್ನಾಗಿದ್ದೀನಿ. ನೀನೂ ಚೆನ್ನಾಗಿದ್ದೀಯ ಅಂದ್ಕೊಂಡಿದ್ದೀನಿ. ಯಾಕಂದ್ರೆ ನಿನ್ನೆ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು "ಅತ್ತೆ" ಅನ್ನೋದೊಂದೇ. ಉಳಿದದ್ದಕ್ಕೆಲ್ಲ ಹೂಂ ಹೂಂ ಅಂದೆ. ಯಾತಕ್ಕೆ ಹೂಂ ಅಂದೆನೋ ದೇವರೇ ಬಲ್ಲ, ನನ್ನ ಹೊಲಿಗೆ ಮಿಷನ್ನು ಮಾರ್ತೀಯಾ ಅಂತ ಕೇಳಿದ್ದರೂ ಹೂಂ ಅಂದಿರ್ತೀನಿ. ಮುಖ ನೋಡ್ಕೊಂಡು ಮಾತಾಡೋಣ ಅಂತ ಇನ್ನೊಂದು ಥರ ಕರೆದೆಯಲ್ಲ, ಅದರಲ್ಲಿ ನಿನಗೆ ಕಂಡದ್ದು ನನ್ನ ಹಣೆ, ನನಗೆ ಕಂಡದ್ದು ನಿನ್ನ ಮೂಗಿನ ಹೊಳ್ಳೆ. ಈ ಚಂದಕ್ಕೆ ಕಾಗದವೇ ವಾಸಿ. ಬರಿ, ನಾನೂ ಬರೀತೀನಿ.

ಅಂಗಡಿ ದಿನಾ ತೆಗೀತಿದ್ದೀನಿ. ಬೆಳಿಗ್ಗೆ ಕೆಳಗೆ ಕೂತು ಗುಂಡಿ ಕಾಜ ಮಾಡ್ತೀನಿ, ಮಧ್ಯಾಹ್ನದ ಮೇಲೆ ಮಹಡಿ ಹತ್ತಿ ಮಿಷನ್ ತುಳೀತೀನಿ. ಕಂಪ್ಯೂಟರ್ ರಿಪೇರಿಗೆ ಹಿಡ್ಕೊಂಡು ಬಂದವರಿಗೆಲ್ಲ "ಸೊಸೆ ಕಲಿಯೋಕೆ ಹೋಗಿದ್ದಾಳೆ, ಡಿಸೆಂಬರಿಗೆ ಬನ್ನಿ" ಅಂತೀನಿ. "ಏನಮ್ಮಾ, ಕಂಪ್ಯೂಟರ್ ಏನು ಬಸುರಿಯೇ, ತಿಂಗಳು ಎಣಿಸೋಕೆ?" ಅಂತ ಒಬ್ಬ ಕೇಳಿದ. ಹೆರಿಗೆ ಮಾಡಿಸೋಳು ಬರಬೇಕಲ್ಲಪ್ಪಾ, ಅಂದೆ.

ನನ್ನ ಮಗ ಕಣ್ಮುಚ್ಚಿದ ಮೇಲೆ ಅಂಗಡಿ ಮುಚ್ಚಿ ಅಂದವರೇ ಎಲ್ಲ. "ಇವರು ಬೀದಿಗೆಲ್ಲ ತಂತಿ ಎಳೆದು ಇಂಟರ್ನೆಟ್ ಕೊಟ್ಟಿದ್ದಾರೆ, ಅದನ್ನ ಹೇಗೆ ಬಿಡೋದು, ನಾನು ಕಲಿತು ಬರ್ತೀನಿ" ಅಂದವಳು ನೀನೊಬ್ಬಳೇ. ಅವತ್ತು ಹೊಟ್ಟೆಗೆ ಹಾಲು ಹುಯ್ದ ಹಾಗಾಯ್ತು, ಈಗ ಹೇಳ್ತಿದ್ದೀನಿ.

ಬೀದಿಯ ತಂತಿಗಳೆಲ್ಲ ಬಂದು ಸೇರೋ ಆ ಗೋಡೆ ಮೇಲಿನ ದೀಪದ ಡಬ್ಬಿ ಮಿಣಿಮಿಣಿ ಅಂತಿದೆ. ಅದನ್ನ ನಾನು ಮುಟ್ಟಲ್ಲ, ಧೂಳು ಮಾತ್ರ ಒರೆಸ್ತೀನಿ. ಒಣ ಬಟ್ಟೆಯಲ್ಲೇ, ಬೈಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತೆ

*

ಜೂನ್ ೨೪

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದ ನೋಡಿ ಹಾಸ್ಟೆಲಿನ ಹುಡುಗಿಯರೆಲ್ಲ ಸುತ್ತ ನೆರೆದುಬಿಟ್ಟರು. ಅವರು ಅಂಚೆ ಕಾಗದ ಕಂಡದ್ದೇ ಇಲ್ಲವಂತೆ! ತರಗತಿಯಲ್ಲಿ ನಾನೇ ಹಿರಿಯಳು. ಎಲ್ಲರೂ "ಅಕ್ಕಾ ಅಕ್ಕಾ" ಅಂತ ಮೈಮೇಲೆ ಬೀಳ್ತಾರೆ, ಪರೀಕ್ಷೆ ಬಂದರೆ ಮಾತ್ರ ನನಗಿಂತ ಅವರೇ ಮುಂದೆ.

ಮೊದಲ ವಾರ ಕಂಪ್ಯೂಟರ್ ಬಿಚ್ಚೋದು, ಮತ್ತೆ ಜೋಡಿಸೋದು, ಅಷ್ಟೇ. ನಾನು ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದವು. ನಮ್ಮ ಮೇಷ್ಟ್ರು ಗಿಡ್ಡಗೆ, ಗುಂಡಗೆ, ಸದಾ ಕಿವಿಯ ಮೇಲೊಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡೇ ಇರ್ತಾರೆ. "ಉಳಿತಾಯ ಒಳ್ಳೆಯದೇ ಕಣಮ್ಮಾ, ಆದರೆ ಇದರಲ್ಲಿ ಬೇಡ" ಅಂದರು.

ನಿಮಗೆ ಅರ್ಥವಾಗೋ ಹಾಗೆ ಹೇಳ್ತೀನಿ ನೋಡಿ. ಪೆಟ್ಟಿಗೆ ಬಿಚ್ಚಿದರೆ ಒಳಗೆ ದೊಡ್ಡದೊಂದು ಹಸಿರು ಹಲಗೆ. ಅದಕ್ಕೆ ಮದರ್‌ಬೋರ್ಡ್ ಅಂತ ಹೆಸರು, ಉಳಿದವರೆಲ್ಲ ಅದರ ಮೇಲೇ ಕೂತಿರ್ತಾರೆ. ಲೆಕ್ಕ ಮಾಡೋ ಪ್ರೊಸೆಸರ್ ಸದಾ ಬಿಸಿ, ಅದಕ್ಕೆ ತಲೆ ಮೇಲೊಂದು ಫ್ಯಾನ್. ರ್‍ಯಾಮ್ ಅನ್ನೋದು ನಿಮ್ಮ ಕತ್ತರಿ ಮೇಜಿನ ಹಾಗೆ, ಈಗ ಹೊಲೀತಿರೋ ಬಟ್ಟೆ ಮಾತ್ರ ಅದರ ಮೇಲೆ. ಹಾರ್ಡ್ ಡಿಸ್ಕ್ ಅನ್ನೋದು ಬೀರು, ಮಡಿಸಿ ಇಟ್ಟದ್ದು ಇಟ್ಟ ಹಾಗೇ ಇರುತ್ತೆ. ಕರೆಂಟ್ ಹೋದರೆ ಮೇಜಿನ ಮೇಲಿದ್ದದ್ದೆಲ್ಲ ಮಾಯ, ಬೀರುವಿನಲ್ಲಿದ್ದದ್ದು ಭದ್ರ.

ಇದನ್ನೆಲ್ಲ ಇವರು ನನಗೆ ಎಷ್ಟು ಸಲ ಹೇಳೋಕೆ ಬಂದಿದ್ದರು, ಅತ್ತೆ! "ನನಗ್ಯಾಕ್ರೀ ಇದೆಲ್ಲ" ಅಂತ ಒಳಗೆ ಹೋಗ್ತಿದ್ದೆ. ಈಗ ಒಂದೊಂದು ಪಾಠಕ್ಕೂ ಅವರ ದನಿ ಕೇಳಿಸುತ್ತೆ.

ನಿಮ್ಮ ಸೊಸೆ

*

ಜುಲೈ ೨೦

ಮೆಣಸಿನಕಾಯಿಗೆ,

ಎಲ್ಲರೂ ಆ ಹಸಿರು ಹಲಗೆ ಮೇಲೆ ಕೂತಿರ್ತಾರೆ, ಅದು ಯಾರ ಮೇಲೂ ಕೂರಲ್ಲ. ತಾಯಿ ಹೆಸರು ಇಟ್ಟವನು ಬುದ್ಧಿವಂತ. ಅತ್ತೆ ಹೆಸರಿನ ಹಲಗೆ ಯಾವುದೂ ಇಲ್ಲವಾ? ಇದ್ದರೆ ತಲೆ ಮೇಲೆ ಫ್ಯಾನ್ ಇಟ್ಕೊಂಡು ಬಿಸಿಯಾಗ್ತಿರುತ್ತಲ್ಲ, ಅದೇ ಇರಬೇಕು.

ಒಂದು ಒಳ್ಳೆ ಸುದ್ದಿ. ಮೇಲಿನ ಕೋಣೆ ಗುಡಿಸೋಣ ಅಂತ ಬೀರು ಸರಿಸಿದರೆ, ಹಿಂದೆ ಗೋಡೆಯ ತೂತಿನಿಂದ ಒಂದು ತಂತಿ ಇಳಿದಿತ್ತು. ಉದ್ದಕ್ಕೆ ಬಿಟ್ಟು ಸುತ್ತಿ ಇಟ್ಟಿದ್ದಾನೆ ನನ್ನ ಮಗ, ತುದಿ ಮಾತ್ರ ಅನಾಥವಾಗಿ ನೇತಾಡ್ತಿದೆ. ನಿನಗೇ ಗೊತ್ತಲ್ಲ, ನೇತಾಡೋ ದಾರ ಕಂಡರೆ ನನಗೆ ಕೈ ತುರಿಸುತ್ತೆ. ಕಿಟಕಿಯಿಂದ ಕೆಳಕ್ಕೆ ಇಳಿಬಿಟ್ಟೆ, ಅಂಗಡಿಗೆ ತಂದೆ, ದೀಪದ ಡಬ್ಬಿಯಲ್ಲಿ ಒಂದು ಕಿಂಡಿ ಖಾಲಿ ಇತ್ತು, ಅಲ್ಲಿಗೆ ಸಿಕ್ಕಿಸಿದೆ. ಟಕ್ ಅಂತ ಕೂತಿತು. ಅದಕ್ಕಾಗಿಯೇ ಮಾಡಿಟ್ಟ ಹಾಗಿತ್ತು ಕಣೇ.

ಅಯ್ಯೋ, ನೀನು ನೋಡಬೇಕಿತ್ತು! ಸುಮ್ಮನೆ ಮಿಣುಕ್ತಿದ್ದ ದೀಪಗಳೆಲ್ಲ ಒಟ್ಟಿಗೆ ಕುಣಿಯೋಕೆ ಶುರು. ಆ ಡಬ್ಬಿ ಇಷ್ಟು ಖುಷಿಯಾಗಿದ್ದು ನಾನು ಕಂಡೇ ಇಲ್ಲ. ಮುಟ್ಟಲ್ಲ ಅಂದಿದ್ದೆ, ಹೌದು. ಆದರೆ ಒಳ್ಳೇದಾಗಿದೆ, ಬೈಬೇಡ.

ಔಷಧಿ ಅಂಗಡಿಯವರು, ಕ್ಷೌರದಂಗಡಿಯವರು, ಎದುರು ಮನೆ ಟೀಚರು, ಮೂವರೂ ಬಾಗಿಲಲ್ಲಿ ನಿಂತು ಕೈ ಬೀಸಿ ಬೀಸಿ ಏನೋ ಹೇಳ್ತಿದ್ದಾರೆ. ನನಗೆ ಕೇಳಿಸ್ತಿಲ್ಲ. ಅವರಿಗೂ ಖುಷಿಯಾಗಿರಬೇಕು. ಇರು, ಹೋಗಿ ನೋಡ್ತೀನಿ.

ನಿನ್ನ ಅತ್ತೆ

*

ಜುಲೈ ೨೯

ಅತ್ತೆ,

ನಿಮ್ಮ ಕಾಗದ ಇವತ್ತು ಬಂತು. ಆದರೆ ಅವತ್ತೇ ಔಷಧಿ ಅಂಗಡಿಯವರು ಫೋನ್ ಮಾಡಿ "ಬೀದಿಯ ಇಂಟರ್ನೆಟ್ ಪೂರ್ತಿ ಸತ್ತುಹೋಗಿದೆ, ನಿಮ್ಮ ಅತ್ತೆ ನಗ್ತಾ ನಿಂತಿದ್ದಾರೆ" ಅಂದಾಗಲೇ ಏನೋ ಚುಚ್ಚಿದ್ದೀರಿ ಅಂತ ಗೊತ್ತಾಯ್ತು. ಅವರಿಂದಲೇ ಆ ತಂತಿ ಕೀಳಿಸಿದೆ. ಪಾಪ, ಅವರು ಎಳೆದ ರಭಸಕ್ಕೆ ತುದಿಯ ಕನೆಕ್ಟರ್ ಮುರಿದು ಕೈಗೇ ಬಂತಂತೆ.

ಬೈಯಲ್ಲ. ನನಗೆ ನಗು ತಡೆಯೋಕಾಗಲಿಲ್ಲ. ಮೇಷ್ಟ್ರಿಗೆ ಹೇಳಿದೆ, ಅವರು ಅದನ್ನೇ ಮಾರನೆಯ ದಿನದ ಪಾಠ ಮಾಡಿದರು. ಏನಾಯ್ತು ಅಂದರೆ, ಆ ತಂತಿಯ ಇನ್ನೊಂದು ತುದಿ ಮೊದಲೇ ಅದೇ ಡಬ್ಬಿಯಲ್ಲಿತ್ತು. ನೀವು ಈ ತುದಿಯನ್ನೂ ಅಲ್ಲಿಗೇ ಚುಚ್ಚಿದಿರಿ. ಡಬ್ಬಿಯ ಕೆಲಸ ಒಂದು ಕಿಂಡಿಯಲ್ಲಿ ಬಂದ ಸುದ್ದಿಯನ್ನ ಬೇರೆ ಕಿಂಡಿಗೆ ದಾಟಿಸೋದು. ಈಗ ತಾನು ಕಳಿಸಿದ್ದು ತನಗೇ ವಾಪಸ್ ಬಂತು. ಹೊಸ ಸುದ್ದಿ ಅಂದ್ಕೊಂಡು ಮತ್ತೆ ಕಳಿಸಿತು, ಮತ್ತೆ ಬಂತು. ಗಾಣದ ಎತ್ತಿನ ಹಾಗೆ ಅದೇ ಸುತ್ತು. ಬೇರೆಯವರ ಮಾತು ದಾಟೋಕೆ ಜಾಗವೇ ಇಲ್ಲ. ನೀವು ಕಂಡದ್ದು ಖುಷಿ ಅಲ್ಲ ಅತ್ತೆ, ಆ ಡಬ್ಬಿ ಉಸಿರುಕಟ್ಟಿ ಒದ್ದಾಡ್ತಿತ್ತು.

ಪಾಠ ಕೇಳ್ತಾ ನನಗೆ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ಇವರು ತೀರಿಕೊಂಡ ವರ್ಷ ನೀವು ಮೇಲೆ, ನಾನು ಕೆಳಗೆ, ಅದೇ ಒಂದು ಮಾತನ್ನ ನಮ್ಮ ನಮ್ಮೊಳಗೇ ಸುತ್ತಿಸ್ತಾ ಇದ್ದೆವು. ಒಬ್ಬರಿಗೊಬ್ಬರು ಹೇಳಲೇ ಇಲ್ಲ.

ಆ ತಂತಿ ಯಾತಕ್ಕೆ ಅಂತ ನನಗೆ ಗೊತ್ತಿತ್ತು. ಗೋಡೆಗೆ ತೂತು ಕೊರೆಯುವಾಗ ಏಣಿ ಹಿಡಿದಿದ್ದವಳು ನಾನೇ. ನೀವು ಮಿಷನ್ ತುಳೀತಾ ಕೂತರೆ ಕೆಳಗಿನಿಂದ ಎಷ್ಟು ಕೂಗಿದರೂ ಕೇಳಿಸಲ್ಲವಲ್ಲ, ಅದಕ್ಕೆ ಇವರು ಅಂಗಡಿಯ ಮೇಜಿನ ಕೆಳಗೆ ಒಂದು ಗುಂಡಿ ಕೂರಿಸಿದರು. ಅದನ್ನ ಒತ್ತಿದರೆ ನಿಮ್ಮ ಮಿಷನ್ ಪಕ್ಕದಲ್ಲಿ ಕೆಂಪು ದೀಪ ಹತ್ತಬೇಕು. "ಅಮ್ಮನಿಗೆ ಹೇಳಬೇಡ, ಕೂತಲ್ಲೇ ಬೆಚ್ಚಿಬೀಳಲಿ" ಅಂದಿದ್ದರು. ದೀಪದ ಪೆಟ್ಟಿಗೆ ತಂದು ಬೀರುವಿನ ಕೆಳಗಿನ ಅರೆಯಲ್ಲಿ, ಲೈನಿಂಗ್ ಬಟ್ಟೆಯ ಅಡಿಯಲ್ಲಿ ಇಟ್ಟರು. ಅದೇ ವಾರ ಆಸ್ಪತ್ರೆ ಸೇರಿದರು. ಹೇಳಿದರೆ ನೀವು ಅಳ್ತೀರಿ, ನಾನೂ ಅಳ್ತೀನಿ ಅಂತ ಸುಮ್ಮನಿದ್ದೆ.

ಇನ್ನೊಂದು ವಿಷಯ. ಕೋರ್ಸ್ ಮುಗಿದ ಮೇಲೆ ಇಲ್ಲೇ ಕಲಿಸೋ ಕೆಲಸಕ್ಕೆ ನಿಲ್ತೀಯಾ ಅಂತ ಮೇಷ್ಟ್ರು ಕೇಳಿದರು. ಯೋಚಿಸಿ ಹೇಳ್ತೀನಿ ಅಂದೆ.

ನಿಮ್ಮ ಸೊಸೆ

*

ಆಗಸ್ಟ್ ೩೦

ಮಗಳೇ,

ತಡವಾಯ್ತು. ಲೈನಿಂಗ್ ಬಟ್ಟೆಯ ಅಡಿಯಲ್ಲಿ ಪೆಟ್ಟಿಗೆ ಸಿಕ್ಕಿತು. ಅಂಗೈಯಷ್ಟಿದೆ. ಆ ಅರೆಯಿಂದ ವಾರಕ್ಕೆರಡು ಸಲ ಬಟ್ಟೆ ತೆಗೀತಿದ್ದೆ, ಅಡಿಗೆ ಕೈ ಹಾಕಿರಲಿಲ್ಲ. ಮೂರು ದಿನ ಮಿಷನ್ ತುಳಿಯಲಿಲ್ಲ. ಅತ್ತೆ, ಚೆನ್ನಾಗಿ ಅತ್ತೆ. ಈಗ ಪರವಾಗಿಲ್ಲ.

ಕೆಲಸದ ವಿಷಯ ಕೊನೇ ಸಾಲಲ್ಲಿ ತುರುಕಿದ್ದೀಯ, ನಾನು ನೋಡಲ್ಲ ಅಂದ್ಕೊಂಡೆಯಾ? ಒಪ್ಕೋ. ನಿನಗಿನ್ನೂ ವಯಸ್ಸಿದೆ. ಕಿವಿ ಕೇಳದ ಮುದುಕಿಗೆ ಮೇಲೂ ಕೆಳಗೂ ಓಡಾಡಿಕೊಂಡು ಬದುಕು ಸವೆಸಬೇಡ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಇದು ನಿನ್ನ ಕಾಲ. ನಿನ್ನ ನಾದಿನಿ "ನನ್ನ ಮನೆಗೆ ಬಂದುಬಿಡಮ್ಮಾ" ಅಂತ ಕರೀತಾನೇ ಇದ್ದಾಳೆ. ಪಕ್ಕದ ಮೊಬೈಲ್ ಅಂಗಡಿಯವನು ನಮ್ಮ ಜಾಗ ಕೇಳಿದ್ದಾನೆ. ಬೀದಿಯ ತಂತಿಗಳನ್ನ ಬೇರೆ ಯಾರಾದರೂ ನೋಡ್ಕೋತಾರೆ.

ನಾನು ಬೇಜಾರು ಮಾಡ್ಕೊಂಡು ಬರೀತಿಲ್ಲ. ಬರಬೇಡ.

ನಿನ್ನ ಅತ್ತೆ

*

ಸೆಪ್ಟೆಂಬರ್ ೧೫

ಅತ್ತೆ,

ಕೋಪ ಬಂದಿದೆ. ಮೆಣಸಿನಕಾಯಿ ಅಂತ ಕರೆದವರು ನೀವೇ, ಖಾರ ತಡ್ಕೊಳ್ಳಿ.

ನಾದಿನಿ ಮನೆಯಲ್ಲಿ ನೀವು ಎರಡು ರಾತ್ರಿ ಇದ್ದದ್ದುಂಟಾ? ಮೂರನೇ ದಿನಕ್ಕೆ "ನನ್ನ ಮಿಷನ್ನಿಗೆ ತುಕ್ಕು ಹಿಡಿಯುತ್ತೆ" ಅಂತ ಓಡಿ ಬರ್ತೀರಿ. ನೀವು "ಬೇಡ" ಅನ್ನೋದರ ಅರ್ಥ ನನಗೆ ಗೊತ್ತಿಲ್ಲವಾ? ತಟ್ಟೆಗೆ ಇನ್ನಷ್ಟು ಹಾಕಲಾ ಅಂದರೆ "ಬೇಡ ಬೇಡ" ಅಂತ ತಟ್ಟೆ ಮುಂದಕ್ಕೆ ಒತ್ತೋರು ನೀವು. ಆದರೆ ಈ ಸಲ ನನಗೆ ಹೆದರಿಕೆ. ನಿಜವಾಗಿಯೂ ಬೇಡವೇನೋ, ನನ್ನ ಮುಖ ನೋಡಿದಾಗೆಲ್ಲ ನಿಮಗೆ ಮಗನ ನೆನಪಾಗಿ ಸಂಕಟ ಆಗುತ್ತೇನೋ ಅಂತ. ನಿಮ್ಮನ್ನ ಬಿಟ್ಟರೆ ನನಗೂ ಇವರ ಮಾತಾಡೋಕೆ ಇನ್ಯಾರೂ ಇಲ್ಲ.

ಅದಕ್ಕೆ ಒಂದು ಒಪ್ಪಂದ. ದೂರದಿಂದಲೇ ಡಬ್ಬಿಯ ಆರೋಗ್ಯ ನೋಡೋದು ಕಲಿಸಿದ್ದಾರೆ. ಇಲ್ಲಿಯ ಕಂಪ್ಯೂಟರಿನಲ್ಲಿ ನಮ್ಮ ಅಂಗಡಿಯ ಡಬ್ಬಿಯ ಕಿಂಡಿಗಳೆಲ್ಲ ಸಾಲಾಗಿ ಕಾಣ್ತವೆ. ಇವರು ಒಂದೊಂದಕ್ಕೂ ಹೆಸರು ಇಟ್ಟಿದ್ದಾರೆ: ಔಷಧಿ, ಕ್ಷೌರ, ಟೀಚರು. ಕೊನೆಯದು "ಅಮ್ಮ". ಎಲ್ಲದರ ಮುಂದೆ ಹಸಿರು ದೀಪ, ಅಮ್ಮನ ಮುಂದೆ ಕತ್ತಲೆ. ತಂತಿಗೆ ಎರಡೂ ತುದಿಯಲ್ಲಿ ಜೀವ ಇದ್ದರೆ ಮಾತ್ರ ಆ ದೀಪ ಹತ್ತುತ್ತೆ.

ನಾನು ಬರೋದು ನಿಮಗೆ ಬೇಕಿದ್ದರೆ ಮುರಿದ ಆ ತುದಿಗೆ ಹೊಸ ಕನೆಕ್ಟರ್ ಹಾಕಿ, ನಿಮಗೆ ಸಿಕ್ಕ ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಕರೆಂಟ್ ಕೊಡಿ. ಬೇಡವಾದರೆ ಬಿಡಿ. ಬಾಯಿಬಿಟ್ಟು ಏನೂ ಹೇಳಬೇಕಿಲ್ಲ, ನಾನು ದಿನಾ ಬೆಳಿಗ್ಗೆ ನೋಡ್ತೀನಿ. ಮೇಷ್ಟ್ರಿಗೆ ಅಕ್ಟೋಬರ್ ಹದಿನಾಲ್ಕಕ್ಕೆ ಉತ್ತರ ಕೊಡಬೇಕು.

ಕನೆಕ್ಟರುಗಳೂ ಒತ್ತುವ ಇಕ್ಕಳವೂ ಮೇಜಿನ ಎಡಗಡೆ ಖಾನೆಯಲ್ಲಿವೆ. ತಂತಿಯ ಮೇಲಿನ ಸಿಪ್ಪೆ ಹೆಬ್ಬೆರಳಿನ ಉಗುರಿನಷ್ಟು ಸುಲಿದರೆ ಒಳಗೆ ಎಂಟು ಎಳೆ. ಎಡದಿಂದ ಹೀಗೆ ಕೂರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತುದಿ ಸಮ ಕತ್ತರಿಸಿ, ಕನೆಕ್ಟರಿನೊಳಗೆ ತೂರಿಸಿ, ಇಕ್ಕಳದಲ್ಲಿ ಗಟ್ಟಿಯಾಗಿ ಒತ್ತಿ. ಜರಿಯ ಎಳೆ ಹಿಡಿದ ಕೈಗೆ ಇದು ಯಾವ ಲೆಕ್ಕ?

ನಿಮ್ಮ ಸೊಸೆ

*

ಅಕ್ಟೋಬರ್ ೧೩

ಅತ್ತೆಗೆ ನಮಸ್ಕಾರ.

ದಿನಾ ಬೆಳಿಗ್ಗೆ ನೋಡಿದೆ. ಬೀದಿಯವರೆಲ್ಲ ಹಸಿರಾಗಿದ್ದಾರೆ. ಅಮ್ಮ ಅನ್ನೋದರ ಮುಂದೆ ಕತ್ತಲೆಯೇ.

ನನಗೆ ಅರ್ಥವಾಯ್ತು. ಕೋಪ ಇಲ್ಲ. ನಾಳೆ ಮೇಷ್ಟ್ರಿಗೆ ಒಪ್ಪಿಗೆ ಹೇಳ್ತೀನಿ. ಮಿಷನ್ನಿಗೆ ಎಣ್ಣೆ ಬಿಡೋದು ಮರೀಬೇಡಿ. ಮಾತ್ರೆಯನ್ನೂ.

ನಿಮ್ಮ ಸೊಸೆ

*

ಅಕ್ಟೋಬರ್ ೧೩

ನಮ್ಮ ಮೆಣಸಿನಕಾಯಿಗೆ,

ದೀಪ ಹತ್ತುತ್ತಿಲ್ಲ ಕಣೇ! ನೀನು ಏನಂದ್ಕೊಂಡಿದ್ದೀಯೋ, ಅದೇ ಯೋಚನೆ.

ನಿನ್ನ ಕಾಗದ ಬಂದ ದಿನವೇ ಕೂತೆ. ಬಾಯಿಬಿಟ್ಟು ಹೇಳಬೇಕಿಲ್ಲ ಅಂದೆಯಲ್ಲ, ಬದುಕಿದೆ ಅಂದ್ಕೊಂಡೆ. ಸಿಪ್ಪೆ ಸುಲಿದೆ, ಎಳೆ ಬಿಡಿಸಿದೆ. ಆಮೇಲೆ ನೀನು ಬರೆದ ಸಾಲು ಓದಿದರೆ ನನಗೆ ಮನಸ್ಸೇ ಒಪ್ಪಲಿಲ್ಲ. ಕಿತ್ತಳೆ ಜೋಡಿ ಒಟ್ಟಿಗಿದೆ, ಕಂದು ಜೋಡಿ ಒಟ್ಟಿಗಿದೆ. ಹಸಿರಿನದ್ದು ಮಾತ್ರ ಒಂದು ಇಲ್ಲಿ, ಒಂದು ಅಲ್ಲಿ, ನಡುವೆ ನೀಲಿ ಬಂದು ಕೂತಿದೆ! ಒಂದಕ್ಕೊಂದು ಹೆಣೆದುಕೊಂಡು ಬಂದ ಜೋಡಿಯನ್ನ ಬಿಡಿಸಿ ದೂರ ಕೂರಿಸೋದು ಯಾವ ನ್ಯಾಯ? ನೀನು ಅವಸರದಲ್ಲಿ ತಪ್ಪು ಬರೆದಿದ್ದೀಯ ಅಂದ್ಕೊಂಡು, ಎಲ್ಲರನ್ನೂ ಜೋಡಿ ಜೋಡಿಯಾಗಿ ಕೂರಿಸಿದೆ. ಹತ್ತಲಿಲ್ಲ. ಕತ್ತರಿಸಿ ಮತ್ತೆ ಮಾಡಿದೆ, ಇನ್ನೂ ಚೆಂದವಾಗಿ ಮಾಡಿದೆ. ಹತ್ತಲಿಲ್ಲ. ಖಾನೆಯಲ್ಲಿದ್ದ ಕನೆಕ್ಟರ್ ಪೂರ್ತಿ ಹಾಳು ಮಾಡಿ, ಔಷಧಿ ಅಂಗಡಿಯವರ ಕೈಲಿ ಇನ್ನಷ್ಟು ತರಿಸಿದೆ. ಯಾತಕ್ಕೆ ಅಂತ ಅವರಿಗೂ ಹೇಳಿಲ್ಲ, ಇದು ನಮ್ಮಿಬ್ಬರದ್ದು. ಫೋನ್ ಹಚ್ಚೋಣ ಅಂದರೆ, ಇಂಥ ಮಾತಿಗೆ ನೀನು ಏನಂದೆ ಅಂತ ಕೇಳಿಸದೆ ಹೂಂ ಅಂದುಬಿಟ್ಟರೆ ಏನು ಗತಿ ಅಂತ ಹೆದರಿಕೆ.

ಇವತ್ತು ಸಂಜೆ ಬುದ್ಧಿ ಬಂತು. ಅಂಗಡಿಯ ಡಬ್ಬಿಯಲ್ಲಿರೋ ಅವನು ಮಾಡಿದ ತುದಿಯನ್ನ ಕನ್ನಡಕ ಹಾಕ್ಕೊಂಡು ನೋಡಿದೆ. ಅವನೂ ಹಸಿರನ್ನ ಬೇರೆ ಬೇರೆಯೇ ಕೂರಿಸಿದ್ದಾನೆ. ಅವನಿಗೇ ಒಪ್ಪಿಗೆಯಾದ ಮೇಲೆ ನನ್ನದೇನು ತಕರಾರು? ನಾಳೆ ಬೆಳಿಗ್ಗೆ ಎದ್ದವಳೇ ಹಾಗೇ ಮಾಡ್ತೀನಿ.

ಆದರೆ ನಾಳೆ ಹದಿನಾಲ್ಕು. ದೀಪ ಹತ್ತದಿದ್ದರೆ? ಅದಕ್ಕೇ ಬಾಯಿಬಿಟ್ಟೇ ಕೇಳ್ತಿದ್ದೀನಿ. ಬಾರೇ. ನಿನ್ನ ಮುಖ ಕಂಡರೆ ಅವನ ನೆನಪಾಗುತ್ತೆ, ನಿಜ. ಅದಕ್ಕೇ ಕಾಣಬೇಕು. ನೀನಿಲ್ಲದೆ ಈ ಮನೆಯಲ್ಲಿ ನನ್ನನ್ನ ಬೈಯೋರೇ ಇಲ್ಲ.

ನಿನ್ನ ಅತ್ತೆ

*

ಅಕ್ಟೋಬರ್ ೧೪

ಅತ್ತೆ, ಅತ್ತೆ, ಅತ್ತೆ!

ನಿನ್ನೆ ನಾನು ಹಾಕಿದ ಕಾಗದ ಬಂದರೆ ಓದಬೇಡಿ, ಒಲೆಗೆ ಹಾಕಿ.

ಮೇಷ್ಟ್ರ ಕೋಣೆಗೆ ಹೋಗೋ ಮೊದಲು, ಕೊನೇ ಸಲ ಅಂತ ಕಂಪ್ಯೂಟರ್ ಮುಂದೆ ಕೂತೆ. ಅಮ್ಮನ ಮುಂದೆ ಹಸಿರು ಹತ್ತಿತು. ನಾನು ಎದ್ದು ನಿಂತೆ. ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು. ಪಕ್ಕದ ಹುಡುಗಿ "ಲೈನ್ ಕೆಟ್ಟಿದೆ ಅಕ್ಕಾ" ಅಂದಳು. ಕೆಟ್ಟಿಲ್ಲ ಕಣೇ, ನಮ್ಮತ್ತೆ ಕೀಳ್ತಿದ್ದಾರೆ, ಚುಚ್ಚುತ್ತಿದ್ದಾರೆ, ಅಂದೆ. ಬೇಡದವರು ಯಾರಾದರೂ ಅಷ್ಟು ಸಲ ಚುಚ್ಚುತ್ತಾರಾ? ಅಲ್ಲೇ ನಿಂತು ಎಲ್ಲರ ಮುಂದೆ ಅತ್ತುಬಿಟ್ಟೆ. ಹುಡುಗಿಯರು ಹೆದರಿ ಮೇಷ್ಟ್ರನ್ನ ಕರೆದುಕೊಂಡು ಬಂದರು. ಅವರು ಪರದೆ ನೋಡಿದರು, ನನ್ನ ಮುಖ ನೋಡಿದರು. "ಉತ್ತರ ಗೊತ್ತಾಯ್ತು ಬಿಡಮ್ಮಾ. ಅವರಿಗೆ ಇಕ್ಕಳ ಇನ್ನಷ್ಟು ಜೋರಾಗಿ ಒತ್ತೋಕೆ ಹೇಳು" ಅಂದು ಹೋದರು.

ಹೌದು ಅತ್ತೆ, ಅಷ್ಟೇ ಬಾಕಿ. ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಒತ್ತಿ. ನಾನು ಬರ್ತಿದ್ದೀನಿ.

ನಿಮ್ಮ ಸೊಸೆ

*

ಅಕ್ಟೋಬರ್ ೨೪

ಮೆಣಸಿನಕಾಯಿಗೆ,

ಎರಡೂ ಕಾಗದ ಒಟ್ಟಿಗೇ ಬಂದವು. ಓದಬೇಡಿ ಅನ್ನೋ ಸಾಲು ಕಂಡಿದ್ದೇ ಆ ಕಾಗದವನ್ನೇ ಮೊದಲು ಓದಿದೆ, ಬಿಡ್ತೀನಾ? ಇನ್ನೊಂದನ್ನ ಓದೋ ತನಕ ನಾನು ನಾನಾಗಿರಲಿಲ್ಲ. ಇಂಥ ಕಾಗದ ಇನ್ನೊಂದು ಸಲ ಬರೆದೆಯೋ, ಅತ್ತೆ ಅಂದರೆ ಏನು ಅಂತ ಆಗ ನೋಡ್ತೀಯ.

ಹಲ್ಲು ಕಚ್ಚಿ ಒತ್ತಿದೆ. ಕಟ್ಟಿಸಿದ ಹಲ್ಲು, ಆದರೂ ಗಟ್ಟಿ. ಪೆಟ್ಟಿಗೆಯ ಪಕ್ಕದಲ್ಲಿ ಸಣ್ಣ ಹಸಿರು ಚುಕ್ಕೆ ಹತ್ತಿದೆ, ಅಲ್ಲಾಡಿಸಿದರೂ ಆರ್ತಿಲ್ಲ. ಮಿಷನ್ನಿನ ಪಕ್ಕಕ್ಕೇ ಇಟ್ಕೊಂಡಿದ್ದೀನಿ. ಆ ಹಸಿರು ಜೋಡಿ ನನ್ನ ಮನಸ್ಸಿನಿಂದ ಹೋಗ್ತಿಲ್ಲ ಕಣೇ. ದೂರ ದೂರ ಕೂತೂ ಒಂದೇ ಕೆಲಸ ಮಾಡ್ತಾವಲ್ಲ.

ದೊಡ್ಡ ಕೆಂಪು ದೀಪ ಇನ್ನೂ ಹತ್ತಿಲ್ಲ. ಕೆಳಗಿನ ಗುಂಡಿಯನ್ನ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ, ನಾನೂ ಮುಟ್ಟಿಲ್ಲ. ಅದನ್ನ ಒತ್ತೋಳು ಬರಲಿ.

ನಿನ್ನ ಅತ್ತೆ

*

ಡಿಸೆಂಬರ್ ೨, ಅಂಗಡಿಯಿಂದ

ಅತ್ತೆ,

ಇದು ಅಂಚೆಗೆ ಹಾಕೋ ಕಾಗದ ಅಲ್ಲ. ಮೊದಲ ಬಸ್ಸಿಗೇ ಹೊರಟು ಮಧ್ಯಾಹ್ನದ ಮೇಲೆ ಬಂದು ಮುಟ್ಟಿದೆ. ಷಟರ್ ಅರ್ಧ ಎತ್ತಿತ್ತು, ನುಸುಳಿಕೊಂಡು ಒಳಗೆ ಬಂದು ನಿಮ್ಮ ಕುರ್ಚಿಯಲ್ಲಿ ಕೂತಿದ್ದೀನಿ. ಡಿಸೆಂಬರಿಗೆ ಅಂತ ಜನ ಬಿಟ್ಟುಹೋದ ಕಂಪ್ಯೂಟರುಗಳಿಗೆಲ್ಲ ನೀವು ಬಟ್ಟೆ ಚೀಲ ಹೊಲಿದು ಹಾಕಿದ್ದೀರಿ, ಒಂದೊಂದಕ್ಕೂ ಗುಂಡಿ ಬೇರೆ! ಡಬ್ಬಿಯಲ್ಲಿ ನಿಮ್ಮ ದೀಪ ಹಸಿರಾಗಿದೆ. ಅಂದಿನಿಂದ ದಿನಾ ನೋಡಿದ್ದೀನಿ, ಒಂದು ಬೆಳಿಗ್ಗೆಯೂ ಆರಿರಲಿಲ್ಲ.

ಮೇಲೆ ಮಿಷನ್ ಓಡ್ತಿರೋದು ಕೇಳಿಸ್ತಿದೆ. ಮೆಟ್ಟಿಲ ಬುಡದಲ್ಲಿ ನಿಂತು ಎರಡು ಸಲ ಕೂಗಿದೆ, ನಿಮಗೆ ಕೇಳಿಸಲಿಲ್ಲ. ಮೆಟ್ಟಿಲು ಹತ್ತಿ ಬಂದುಬಿಡೋಣ ಅನ್ನಿಸಿತು. ಆದರೆ ಇವರಿಗೆ ನೀವು ಕೂತಲ್ಲೇ ಬೆಚ್ಚಿಬೀಳಬೇಕಿತ್ತಲ್ಲ.

ಮೇಜಿನ ಕೆಳಗೆ ಬೆರಳಿಟ್ಟಿದ್ದೀನಿ. ತಣ್ಣಗಿದೆ. ಈಗ ಒತ್ತುತ್ತೀನಿ, ಅತ್ತೆ.

ಕೆಳಗಿನಿಂದ,
ನಿಮ್ಮ ಸೊಸೆ

*

(ಅದೇ ಹಾಳೆಯ ಹಿಂದೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ)

ಮಿಷನ್ ನಿಂತ ಮೇಲೂ ಒತ್ತುತ್ತಲೇ ಇದ್ದೆಯಲ್ಲೇ! ನಾನು ಕೆಳಗಿಳಿದು ಬಂದು ಎದುರು ನಿಂತರೂ ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದೀಯ. ನಿನ್ನ ಕೈಯಡಿಯಿಂದ ಕಾಗದ ಎಳ್ಕೊಂಡು ಇದನ್ನ ಬರೀತಿದ್ದರೂ ನಿನಗೆ ಇನ್ನೂ ಗೊತ್ತಾಗಿಲ್ಲ.

ಕಂಡಿತು ಕಣೇ. ಅವನ ದೀಪ ಕಂಡಿತು. ಬೆರಳು ತೆಗಿ ತಾಯಿ, ಕಣ್ಣು ಬಿಡು. ಬಂದಿದ್ದೀನಿ.